ಬೆಂಗಳೂರಲ್ಲಿ ಮೊದಲ ಬಾಡಿಗೆ ಮನೆ: ಮಂಚಕ್ಕಿಂತ ಮುಂಚೆ ಅಳತೆ ಟೇಪು ತಗೊಳ್ಳಿ

ಕಳೆದ ವಾರ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ಪಿಜಿ ಬಿಟ್ಟು ಒಂದು ಬೆಡ್‌ರೂಮಿನ ಮನೆ ಹಿಡಿದಿದ್ದಾನೆ. "ಅಕ್ಕಾ, ಸೋಫಾ ಎಂಥದ್ದು ತಗೊಳ್ಳಲಿ?" ಅಂದ. "ಮೆಟ್ಟಿಲು ಎಷ್ಟು ಅಗಲ ಇದೆ ನೋಡಿದ್ಯೇನೋ?" ಅಂದೆ. ನೋಡಿರಲಿಲ್ಲ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೊಸದಾಗಿ ಮನೆ ಮಾಡುವ ಬೇರೆಯವರಿಗೂ ಉಪಯೋಗಕ್ಕೆ ಬರಲಿ.

ಮೊದಲ ದಿನ ಹಾಲು ಉಕ್ಕಿಸಬೇಕು ಅಲ್ವಾ? ಅದಕ್ಕೆ ಒಲೆ ಬೇಕು. ಗ್ಯಾಸ್ ಕನೆಕ್ಷನ್‌ಗೆ ವಿಳಾಸದ ದಾಖಲೆ ಕೇಳುತ್ತಾರೆ. ಬಾಡಿಗೆ ಅಗ್ರಿಮೆಂಟ್ ಕೈಗೆ ಬರುವುದೇ ಎಷ್ಟೋ ಸಲ ತಡ. ಅಲ್ಲಿಯವರೆಗೆ 5 ಕೆಜಿಯ ಸಣ್ಣ ಸಿಲಿಂಡರ್ ತನ್ನಿ. ಗ್ಯಾಸ್ ಏಜೆನ್ಸಿಗಳಲ್ಲಿ, ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ ಸಿಗುತ್ತದೆ. ಗುರುತಿನ ಚೀಟಿ ತೋರಿಸಿದರೆ ಸಾಕು. ಕೆಜಿ ಲೆಕ್ಕದಲ್ಲಿ ಸ್ವಲ್ಪ ಜಾಸ್ತಿ ಬೀಳುತ್ತದೆ, ಆದರೆ ಮೊದಲ ದಿನದಿಂದಲೇ ಮನೆಯಲ್ಲಿ ಅನ್ನ ಬೇಯುತ್ತದೆ.

ಇಂಡಕ್ಷನ್ ಒಲೆ ಸಾಕು ಅನ್ನುವವರು ಮೊದಲು ಅಡುಗೆಮನೆಯ ಪ್ಲಗ್ ನೋಡಿ. ಸಣ್ಣ ಪ್ಲಗ್ 6 ಆಂಪ್‌ನದು. ಸುಮಾರು 1,300 ವ್ಯಾಟ್ ಮೀರಿ ಅದಕ್ಕೆ ತಡೆಯುವುದಿಲ್ಲ. ಇಂಡಕ್ಷನ್ ಒಲೆ ಜೋರಾಗಿ ಇಟ್ಟರೆ 2,000 ವ್ಯಾಟ್ ಎಳೆಯುತ್ತದೆ. ದಪ್ಪ ಮೂರು ಕಡ್ಡಿಯ 16 ಆಂಪ್ ಪ್ಲಗ್ಗೇ ಬೇಕು. ಗೀಸರ್‌ಗೂ ಅಷ್ಟೇ. ಎಕ್ಸ್‌ಟೆನ್ಷನ್ ಬೋರ್ಡ್ ಎಳೆದು ನಡೆಸುತ್ತೇನೆ ಅನ್ನಬೇಡಿ, ವೈರ್ ಸುಡುತ್ತದೆ.

ಆಮೇಲೆ ನೀರು. ಕಾವೇರಿ ನೀರು ಬರುತ್ತದಾ, ಬೋರ್ ನೀರಾ, ಯಾವ ದಿನ ಬಿಡುತ್ತಾರೆ ಅಂತ ಮಾಲೀಕರ ಜೊತೆ ಪಕ್ಕದ ಮನೆಯವರನ್ನೂ ಕೇಳಿ. ಬೋರ್ ನೀರು ಗಡಸು. ಬಕೆಟ್ಟಿನ ಒಳಗೆ ಒಂದೇ ತಿಂಗಳಲ್ಲಿ ಬಿಳಿ ಪದರ ಕಟ್ಟುತ್ತದೆ. ಎರಡು ಬಕೆಟ್, ಒಂದು ಮಗ್, ಮುಚ್ಚಳ ಇರುವ ಒಂದು ಡ್ರಮ್ ಮೊದಲ ದಿನವೇ ಇರಲಿ. ಕುಡಿಯಲು 20 ಲೀಟರ್ ಕ್ಯಾನ್ ತರಿಸಿಕೊಳ್ಳಿ. ಫಿಲ್ಟರ್ ವಿಚಾರ ಆಮೇಲೆ ನೋಡಿದರಾಯಿತು.

ಮೂರನೆಯದು ನಿದ್ದೆ. ಮಂಚ ಅಲ್ಲ, ಹಾಸಿಗೆ. ನಾನು ನಮ್ಮ ಬೀದಿಯ ಅಂಗಡಿಯಲ್ಲೇ ಆರು ಅಡಿ ಉದ್ದ, ಮೂರು ಅಡಿ ಅಗಲದ ಹತ್ತಿ ಹಾಸಿಗೆ ಹೊಲಿಸಿದೆ. ಸುತ್ತಿಟ್ಟರೆ ಮೂಲೆಯಲ್ಲಿ ಕೂರುತ್ತದೆ, ಟೆರೇಸಿನಲ್ಲಿ ಬಿಸಿಲಿಗೆ ಹಾಕಬಹುದು. ನೆಲದ ಮೇಲೆ ಹಾಸುವುದಾದರೆ ಕೆಳಗೆ ಚಾಪೆ ಇರಲಿ, ಬೆಳಿಗ್ಗೆ ಎದ್ದ ಕೂಡಲೇ ಮಡಚಿಡಿ. ಹಾಗೇ ಬಿಟ್ಟರೆ ಮಳೆಗಾಲದಲ್ಲಿ ಅಡಿಭಾಗಕ್ಕೆ ಬೂಷ್ಟು ಹಿಡಿಯುತ್ತದೆ.

ಒಲೆ, ನೀರು, ಹಾಸಿಗೆ. ಇಷ್ಟಾದ ಮೇಲೆ ಒಂದು ತಿಂಗಳು ದೊಡ್ಡ ಸಾಮಾನು ಏನೂ ತರಬೇಡಿ. ಮನೆ ಖಾಲಿ ಇರಲಿ. ಸಂಜೆ ಬಿಸಿಲು ಯಾವ ಕಿಟಕಿಯಲ್ಲಿ ಹೊಡೆಯುತ್ತದೆ, ಯಾವ ಗೋಡೆಗೆ ತೇವ ಏರುತ್ತದೆ, ಊಟದ ತಟ್ಟೆ ಹಿಡಿದುಕೊಂಡು ನೀವು ಎಲ್ಲಿ ಹೋಗಿ ಕೂರುತ್ತೀರಿ, ಎಲ್ಲ ತಾನಾಗಿ ಗೊತ್ತಾಗುತ್ತದೆ. ನಾನು ಪ್ರತಿ ರಾತ್ರಿ ಅಡುಗೆಮನೆಯ ಹೊಸ್ತಿಲ ಪಕ್ಕವೇ ಕೂತು ಉಣ್ಣುತ್ತಿದ್ದೆ. ಹಾಗಾಗಿ ಊಟದ ಮೇಜು ತರಲೇ ಇಲ್ಲ. ಒಂದು ಮಣೆ ತಂದೆ.

ಈ ಬುದ್ಧಿ ನನಗೆ ಮೊದಲೇ ಇರಲಿಲ್ಲ. 2018ರಲ್ಲಿ ಹನುಮಂತನಗರದಲ್ಲಿ ಎರಡನೇ ಮಹಡಿಯ ಮನೆ ಹಿಡಿದೆ. ಮೊದಲ ವಾರವೇ ದೊಡ್ಡ ಮಂಚ ತಗೊಂಡೆ. ಕೆಳಗೆ ಸಾಮಾನಿಡಲು ಪೆಟ್ಟಿಗೆ ಇತ್ತು. ಒಂದೇ ಅಚ್ಚಿನ ಪೆಟ್ಟಿಗೆ, ಬಿಚ್ಚಲು ಬರುತ್ತಿರಲಿಲ್ಲ. ಇಬ್ಬರು ಹೊತ್ತು ತಂದರು. ಮೆಟ್ಟಿಲು ತಿರುಗುವ ಜಾಗದಲ್ಲಿ ಸಿಕ್ಕಿಕೊಂಡಿತು. ನಿಲ್ಲಿಸಿ ನೋಡಿದರು, ಓರೆ ಮಾಡಿ ನೋಡಿದರು. ಕಂಬಿಗೂ ಗೋಡೆಗೂ ಮಧ್ಯೆ ನಾಲ್ಕು ಬೆರಳು ಜಾಗ ಸಾಲಲಿಲ್ಲ. ಗೋಡೆಯ ಸುಣ್ಣ ಉದ್ದಕ್ಕೆ ಕೆರೆದು ಬಂತು. ಕೆಳಗಿನ ಮನೆಯ ಆಂಟಿ ಬಾಗಿಲಲ್ಲಿ ನಿಂತು, "ಅಳತೆ ತಗೊಂಡಿರ್ಲಿಲ್ವೇನಮ್ಮಾ?" ಅಂದರು. ಹೊತ್ತವರಲ್ಲಿ ಹಿರಿಯರೊಬ್ಬರು ಬೆವರು ಒರೆಸಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಅವರ ಮುಖ ನೋಡಿ ನನಗೆ ಅಳು ಬಂತು. ಅಂಗಡಿಯವರು ವಾಪಸ್ ತಗೊಂಡರು, ಆದರೆ 3,000 ರೂಪಾಯಿ ಹಿಡಿದುಕೊಂಡರು.

ಅದಕ್ಕೇ ಹೇಳುತ್ತೇನೆ, ಟೇಪಿನಲ್ಲಿ ನಾಲ್ಕು ಅಳತೆ ಹಿಡಿದು ಫೋನಿನಲ್ಲಿ ಬರೆದಿಟ್ಟುಕೊಳ್ಳಿ: ಮೆಟ್ಟಿಲು ತಿರುಗುವ ಜಾಗ, ಮುಂಬಾಗಿಲು, ರೂಮಿನ ಬಾಗಿಲು, ರೂಮಿನ ಗೋಡೆಗಳು. ತರಬೇಕೆಂದಿರುವ ಸಾಮಾನಿನ ಅಳತೆಗೆ ನೆಲದ ಮೇಲೆ ಹಳೇ ಪೇಪರ್ ಹಾಸಿ. ಎರಡು ದಿನ ತೆಗೆಯಬೇಡಿ. ಪೇಪರ್ ತುಳಿಯದೆ ಓಡಾಡಲು ಆಗುತ್ತದಾ? ವಾರ್ಡ್‌ರೋಬಿನ ಬಾಗಿಲು ಪೂರ್ತಿ ತೆರೆಯುತ್ತದಾ? ಆಗದಿದ್ದರೆ ಆ ಸಾಮಾನು ನಿಮ್ಮ ಮನೆಯದಲ್ಲ.

ಇನ್ನೊಂದು ಮಾತು. ಅಗ್ರಿಮೆಂಟ್ ಸಾಮಾನ್ಯವಾಗಿ 11 ತಿಂಗಳದ್ದು. ಏರಿಸಿದ್ದನ್ನೆಲ್ಲ ಒಂದು ದಿನ ಇಳಿಸಬೇಕು. ಹಾಗಾಗಿ ಬಿಚ್ಚಿ ಜೋಡಿಸುವಂಥದ್ದು, ಮಡಚುವಂಥದ್ದು ತಗೊಳ್ಳಿ. ನನ್ನ ಕಬ್ಬಿಣದ ಮಂಚ ಸೆಕೆಂಡ್‌ ಹ್ಯಾಂಡ್, ನಾಲ್ಕು ಬೋಲ್ಟ್ ಬಿಚ್ಚಿದರೆ ಆಟೋದಲ್ಲಿ ಹೋಗುತ್ತದೆ. ಈಗ ಮೂರನೇ ಮನೆಯಲ್ಲಿದೆ. ಹಳೇ ಕಬ್ಬಿಣ ತಗೊಳ್ಳಿ, ಹಳೇ ಹಾಸಿಗೆ ಮಾತ್ರ ಬೇಡ. ಹಳೇ ಮರದ ಸಾಮಾನಿಗೆ ಹಿಂಬದಿ, ಕಾಲಿನ ಸಂದು ಬಗ್ಗಿ ನೋಡಿ. ತಿಗಣೆ ಅಲ್ಲೇ ಇರುತ್ತದೆ. ಅದು ಒಂದು ಸಲ ಮನೆ ಸೇರಿದರೆ ತೆಗೆಯುವುದು ಬಹಳ ಕಷ್ಟ.

ಬೆಡ್‌ಶೀಟ್, ಕರ್ಟನ್ ಬಟ್ಟೆಗೆ ಚಿಕ್ಕಪೇಟೆಗೆ ಹೋಗಿ. ಹಸಿರು ಮಾರ್ಗದ ಮೆಟ್ರೋ ಅಲ್ಲೇ ಇಳಿಸುತ್ತದೆ. ವಾರದ ದಿನ ಹೋಗಿ, ಭಾನುವಾರ ಬಹಳ ಅಂಗಡಿ ಮುಚ್ಚಿರುತ್ತವೆ. ಅದೇ ಮೆಟ್ರೋದಲ್ಲಿ ನಾಗಸಂದ್ರಕ್ಕೆ ಹೋದರೆ ನಿಲ್ದಾಣದ ಪಕ್ಕದಲ್ಲೇ ಐಕಿಯಾ ಅನ್ನುವ ದೊಡ್ಡ ಫರ್ನಿಚರ್ ಅಂಗಡಿ ಇದೆ. ಮೊದಲ ಸಲ ಸುಮ್ನೆ ನೋಡಿ, ಕೂತು, ಅಳತೆ ಬರೆದುಕೊಂಡು ಬನ್ನಿ.

ಪಾತ್ರೆ ಮಾತ್ರ ಊರಿಂದ ತನ್ನಿ. ಮನೆಯ ಅಟ್ಟದಲ್ಲಿ ಬಳಸದೆ ಇರುವುದು ಎಷ್ಟೋ ಇರುತ್ತದೆ. ಮೂರು ಲೀಟರ್ ಕುಕ್ಕರ್, ಕಾವಲಿ, ಬಾಣಲೆ, ಒಗ್ಗರಣೆ ಸೌಟು, ಇಕ್ಕಳ, ಸಾಂಬಾರ ಡಬ್ಬಿ, ಕಾಯಿ ತುರಿಯಲು ತುರಿಮಣೆ. ಒಬ್ಬರ ಅಡುಗೆ ಇಷ್ಟರಲ್ಲಿ ನಡೆಯುತ್ತದೆ. ಮಿಕ್ಸಿ ಹೊಸದೇ ತಗೊಳ್ಳಿ. ಫ್ರಿಜ್ ಒಂದೇ ಬಾಗಿಲಿನ 180 ಲೀಟರ್ ಸಾಕು. ವಾಷಿಂಗ್ ಮಷೀನ್‌ಗೆ ಮೊದಲು ನಲ್ಲಿಯ ರಭಸ ನೋಡಿ. ನೀರು ಸಣ್ಣಗೆ ಬರುವ ಮನೆಗೆ ಮೇಲಿಂದ ಬಟ್ಟೆ ಹಾಕುವ ಮಷೀನೇ ಒಳ್ಳೆಯದು, ಬಕೆಟ್ಟಿನಿಂದಲೂ ನೀರು ಹೊಯ್ಯಬಹುದು.

ಗೋಡೆಗೆ ಮೊಳೆ ಹೊಡೆಯುವ ಮುಂಚೆ ಮಾಲೀಕರನ್ನು ಕೇಳಿ. ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ಇಲ್ಲಿ ರೂಢಿ. ತೂತುಗಳಿಗೆ ಬೇರೆ ದುಡ್ಡು ಕೇಳಬಹುದು. ಬಂದ ದಿನವೇ ಪ್ರತಿ ಗೋಡೆಯ ಫೋಟೋ, ಕರೆಂಟ್ ಮೀಟರಿನ ಫೋಟೋ ತೆಗೆದು ಅವರಿಗೆ ಕಳಿಸಿ.

ಕೊನೆಗೆ, ಒಂದು ಚಾಪೆ, ಒಂದು ದಿಂಬು, ಒಂದು ಹೊದಿಕೆ, ಒಂದು ತಟ್ಟೆ ಹೆಚ್ಚಿಗೆ ಇರಲಿ. ಯಾರಾದರೂ ಬಂದೇ ಬರುತ್ತಾರೆ. ನಮ್ಮ ಮನೆಗೆ ಮೊದಲು ಬಂದವರು ಅಮ್ಮ. ಸಾಗರದಿಂದ ರಾತ್ರಿ ಬಸ್ಸಿಗೆ ಬಂದು, ಕೈಕಾಲು ತೊಳೆದು, ಖಾಲಿ ಹಾಲ್‌ನ ಮಧ್ಯೆ ಚಾಪೆ ಬಿಡಿಸಿಕೊಂಡು ಕೂತರು. "ಗಾಳಿ ಬೆಳಕು ಚೆನ್ನಾಗಿದೆ ಕಣೆ" ಅಂದರು. ಚೀಲದಿಂದ ತುರಿಮಣೆ ತೆಗೆದು, ಕಾಯಿ ಎಲ್ಲಿದೆ ಅಂತ ಕೇಳಿದರು.