ತಾಲ್ಲೂಕು ಆಸ್ಪತ್ರೆಯ ಪ್ರಶ್ನೆಯನ್ನು ಶಾಸಕರ ಮುಂದಿಟ್ಟ ಬಗೆ

ಕಲ್ಯಾಣ ಕರ್ನಾಟಕದ ಸರ್ಕಾರಿ ಆಸ್ಪತ್ರೆಯಲ್ಲಿ ಬಾಣಂತಿಯೊಬ್ಬಳು ತೀರಿಕೊಂಡರೆ ಜನರ ಸಿಟ್ಟು ಅಂದಿನ ರಾತ್ರಿ ಪಾಳಿಯ ವೈದ್ಯರು ಮತ್ತು ನರ್ಸ್‌ಗಳ ಮೇಲೆ ತಿರುಗುತ್ತದೆ. ಹುದ್ದೆ ಮಂಜೂರು ಮಾಡುವವರು, ತುಂಬುವವರು, ಆ ಆಸ್ಪತ್ರೆಯ ಸಮಿತಿಗೆ ಅಧ್ಯಕ್ಷರಾಗಿರುವವರು ಉತ್ತರ ಹೇಳುವ ಪ್ರಸಂಗವೇ ಬರುವುದಿಲ್ಲ. ರಾಜ್ಯದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪೈಕಿ 21 ಕಲಬುರಗಿ ವಿಭಾಗದವು. ನಮ್ಮ ತಾಲ್ಲೂಕೂ ಅದರಲ್ಲಿದೆ. ಉತ್ತರ ಹೇಳಬೇಕಾದವರಿಂದಲೇ ಉತ್ತರ ಪಡೆಯಲು ನಮ್ಮ ಗೆಳೆಯರ ಬಳಗ ಹಿಡಿದ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಆಸ್ಪತ್ರೆಯಲ್ಲಿ ಪ್ರಸೂತಿ ತಜ್ಞೆ ಇದ್ದರು, ಶಸ್ತ್ರಚಿಕಿತ್ಸಾ ಕೊಠಡಿಯೂ ಇತ್ತು. ಆದರೂ ಸಿಸೇರಿಯನ್ ಬೇಕಾದ ಗರ್ಭಿಣಿಯರನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸಲಾಗುತ್ತಿತ್ತು. ಮಾಹಿತಿ ಹಕ್ಕು ಕಾಯ್ದೆಯಡಿ ದಾಖಲೆ ಪರಿಶೀಲನೆಗೆ ಅವಕಾಶ ಪಡೆದು, ಹೆಸರುಗಳನ್ನು ಮುಚ್ಚಿಸಿ, ಹೀಗೆ ಬೇರೆ ಆಸ್ಪತ್ರೆಗೆ ಕಳಿಸಿದವರನ್ನು ದಾಖಲಿಸುವ ರೆಫರಲ್ ರಿಜಿಸ್ಟರ್ ನೋಡಿದೆವು. ಕಾರಣದ ಕಾಲಂನಲ್ಲಿ ಪುಟದಿಂದ ಪುಟಕ್ಕೆ ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂಬ ಒಂದೇ ಸಾಲು, ಕೆಲವೆಡೆ ಅದರ ಕೆಳಗೆ ‘ಮೇಲಿನಂತೆ’ ಎಂಬ ಗುರುತು. ದಿನಾಂಕ ಮತ್ತು ಸಮಯವನ್ನಷ್ಟೇ ಬರೆದುಕೊಂಡು ಬಂದು ಆಶಾ ಕಾರ್ಯಕರ್ತೆಯರೊಂದಿಗೆ ಕುಳಿತಾಗ ವಿಷಯ ತಿಳಿಯಿತು: ಸಿಸೇರಿಯನ್‌ಗೆ ಬೇಕಾದ ಅರಿವಳಿಕೆ ತಜ್ಞರು ವಾರದಲ್ಲಿ ಬಹುಪಾಲು ದಿನ ಇರುವುದೇ ಇಲ್ಲ.

ಆದರೆ ಇಲಾಖೆಯ ಪಟ್ಟಿಯಲ್ಲಿ ಆ ಹುದ್ದೆ ‘ಭರ್ತಿ’ ಎಂದಿತ್ತು. ವೈದ್ಯರ ವೇತನ ನಮ್ಮ ಆಸ್ಪತ್ರೆಯ ಹೆಸರಿನಲ್ಲಿ, ಕೆಲಸ ನಿಯೋಜನೆಯ ಮೇಲೆ ಬೇರೆಡೆ. ಖಾಲಿ ಹುದ್ದೆಗಳ ಲೆಕ್ಕವನ್ನಷ್ಟೇ ಕೇಳಿದರೆ ಈ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ, ಏಕೆಂದರೆ ಲೆಕ್ಕದ ಪ್ರಕಾರ ಕೊರತೆಯೇ ಇಲ್ಲ. ಆದ್ದರಿಂದ ಖಾಲಿ ಹುದ್ದೆಗಳ ಜೊತೆಗೆ ನಿಯೋಜನೆಯ ಆದೇಶಗಳನ್ನೂ ಕೇಳಬೇಕೆಂದು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ ಇರುವುದರಿಂದ ಇದಕ್ಕೆ ಬೇರೆಯೇ ಅರ್ಜಿ ಹಾಕಿದೆವು. ‘ವೈಯಕ್ತಿಕ ಮಾಹಿತಿ’ ಎಂಬ ಹಿಂಬರಹ ಬಂತು. ಸಾರ್ವಜನಿಕ ಹುದ್ದೆಯ ಕುರಿತ ಸರ್ಕಾರಿ ಆದೇಶ ವೈಯಕ್ತಿಕವಾಗದೆಂದು ಮೊದಲ ಮೇಲ್ಮನವಿಯಲ್ಲಿ ವಾದಿಸಿದ ಮೇಲೆ ಪ್ರತಿ ಸಿಕ್ಕಿತು. ಆ ವೈದ್ಯರನ್ನು ನಾವು ಎಂದೂ ದೂರಲಿಲ್ಲ. ಅವರು ಆದೇಶ ಬಂದಲ್ಲಿ ದುಡಿಯುತ್ತಿದ್ದರು.

ತಾಲ್ಲೂಕು ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿಗೂ ಇಲಾಖೆಗಳ ಪ್ರಗತಿ ಪರಿಶೀಲಿಸುವ ತಾಲ್ಲೂಕು ಮಟ್ಟದ ತ್ರೈಮಾಸಿಕ ಕೆಡಿಪಿ (ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ) ಸಭೆಗೂ ಶಾಸಕರೇ ಅಧ್ಯಕ್ಷರು. ಹೀಗಾಗಿ ಮನವಿಯನ್ನು ಅವರ ಹೆಸರಿಗೇ ಬರೆದು, ‘ಭರ್ತಿ’ ಎಂದಿದ್ದ ಪಟ್ಟಿಯನ್ನೂ ನಿಯೋಜನೆಯ ಆದೇಶವನ್ನೂ ಒಟ್ಟಿಗೆ ಪಿನ್ ಮಾಡಿ, ಕೆಡಿಪಿ ಸಭೆಗೆ ಮೊದಲೇ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಯ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ಪಡೆದೆವು. ಸಭೆಯಲ್ಲಿ ಶಾಸಕರು ಅಧಿಕಾರಿಗಳನ್ನು ತರಾಟೆಗೆ ತೆಗೆದುಕೊಂಡದ್ದು ಮರುದಿನ ಪತ್ರಿಕೆಗಳಲ್ಲಿ ಬಂತು. ತರಾಟೆಯಿಂದ ತಜ್ಞರು ಬರುವುದಿಲ್ಲ. ನಾವು ಸಭೆಯ ನಡವಳಿಯನ್ನೂ ಅದರ ಮೇಲೆ ಕೈಗೊಂಡ ಕ್ರಮದ ಬಗ್ಗೆ ಮುಂದಿನ ಸಭೆಗೆ ಸಲ್ಲಿಸಿದ ಅನುಪಾಲನಾ ವರದಿಯನ್ನೂ ಪಡೆದು ಓದಿದೆವು. ಆ ವರದಿಯಲ್ಲಿ ‘ಮೇಲಧಿಕಾರಿಗಳಿಗೆ ಪತ್ರ ಬರೆಯಲಾಗಿದೆ’ ಎಂದಷ್ಟೇ ಇತ್ತು. ಆ ಪತ್ರದ ಪ್ರತಿಯನ್ನೂ ಕೇಳಿ ಪಡೆದು, ಎಲ್ಲ ಕಾಗದಗಳನ್ನು ವಿಧಾನ ಪರಿಷತ್ತಿನ ಸದಸ್ಯರೊಬ್ಬರಿಗೆ ಒಪ್ಪಿಸಿದೆವು. ಅವರು ಕೇಳಿದ ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಸರ್ಕಾರ ಲಿಖಿತ ಉತ್ತರದಲ್ಲಿ ನಿಯೋಜನೆಯನ್ನು ಒಪ್ಪಿಕೊಂಡಿತು. ಕೆಲಕಾಲದ ನಂತರ ಆ ನಿಯೋಜನೆ ರದ್ದಾಯಿತು.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಟ್ಟ ಸಂವಿಧಾನದ 371ಜೆ ವಿಧಿಯ ಬಳಿಕ ಈ ಭಾಗಕ್ಕೆ ಬಂದ ಹಣದಲ್ಲಿ ಎದ್ದ ಕಟ್ಟಡಗಳ ಮೇಲೆ ಉದ್ಘಾಟಿಸಿದವರ ಹೆಸರು ಕಲ್ಲಿನಲ್ಲಿದೆ. ಒಳಗೆ ತಜ್ಞರಿಲ್ಲದಿದ್ದರೆ ಹೊಣೆ ಹೊರುವ ಹೆಸರು ಕಾಗದದಲ್ಲಾದರೂ ಇರಬೇಕೆಂಬುದು ನನ್ನ ಹಟ. ಈಗ ಹಗಲಿನಲ್ಲಿ ನಮ್ಮಲ್ಲೇ ಸಿಸೇರಿಯನ್ ಆಗುತ್ತಿದೆ. ಒಬ್ಬರೇ ಅರಿವಳಿಕೆ ತಜ್ಞರಿರುವುದರಿಂದ ರಾತ್ರಿಯ ರೆಫರಲ್ ನಿಂತಿಲ್ಲ, ರಕ್ತ ಸಂಗ್ರಹ ಘಟಕವೂ ಇಲ್ಲ. ಈ ಎರಡನ್ನೂ ಮುಂದಿನ ಕೆಡಿಪಿ ಸಭೆಯ ಮನವಿಯಲ್ಲಿ ಬರೆದಿದ್ದೇವೆ.