ನಾಟಕದ ಹಾಡು ಮಾತಿನಿಂದಲೇ ಏಳಬೇಕು

ನಾಟಕಕ್ಕೆ ಹಾಡು ಕಟ್ಟುವಾಗ ನಾನು ಹಾರ್ಮೋನಿಯಂ ಮುಂದೆ ಕೂರುವುದು ಕೊನೆಗೆ. ಮೊದಲು ತಾಲೀಮಿಗೆ ಹೋಗಿ ಸುಮ್ನೆ ಕೇಳುತ್ತೇನೆ. ಹಾಡಿಗೆ ಮುಂಚಿನ ಮಾತನ್ನು ನಟರು ಯಾವ ದನಿಯಲ್ಲಿ ಮುಗಿಸುತ್ತಾರೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ? ಪಲ್ಲವಿ ಅಲ್ಲಿಂದಲೇ ಹುಟ್ಟಬೇಕು.

ಅಣೆಕಟ್ಟಿನ ಹಿನ್ನೀರಿಗೆ ಊರು ಬಿಡುವ ಒಂದು ದೃಶ್ಯವಿತ್ತು. ಅಜ್ಜಿಯ ಕೊನೆಯ ಮಾತು ‘ನೀರು ಬಂತು’. ನಟಿ ‘ನೀ’ ಎಳೆದು ಹೇಳುತ್ತಿದ್ದರು. ಆ ಎಳೆತ ಹಿಡಿದೇ ಬರೆದೆ: ‘ನೀರು ಬಂದಿತು ಊರು ಹೋಯಿತು’. ಮೂರು ಮಾತ್ರೆ, ನಾಲ್ಕು ಮಾತ್ರೆ, ಮತ್ತೆ ಮೂರು, ನಾಲ್ಕು. ಭಾಮಿನಿ ಷಟ್ಪದಿಯ ನಡೆ. ಗಮಕದಲ್ಲಿ, ಅಂದರೆ ಕಾವ್ಯವನ್ನು ರಾಗವಾಗಿ ಓದುವಾಗ, ಕುಮಾರವ್ಯಾಸನನ್ನು ಕೇಳಿದವರಿಗೆ ಇದು ಹೊಸದೇನಲ್ಲ. ಮೂರು-ನಾಲ್ಕಾಗಿ ಏಳು ಎಣಿಕೆಯ ಮಿಶ್ರ ಛಾಪು ತಾಳ ತಾನಾಗಿಯೇ ಬಂತು. ಗಂಟು ಹೊತ್ತು ನಡೆಯುವವರ ಹೆಜ್ಜೆಗೂ ಒಪ್ಪಿತು: ಒಂದು ಕಾಲು ಬೇಗ, ಇನ್ನೊಂದು ತುಸು ತಡ.

ನಿರ್ದೇಶಕರು ಶೋಕದ ರಾಗ ಶುಭಪಂತುವರಾಳಿ ಕೇಳಿದರು. ನನಗೆ ಬೇಡವೆನಿಸಿತು. ಮಾತೇ ಅಳುತ್ತಿರುವಾಗ ರಾಗವೂ ಅತ್ತರೆ ನೋಡುವವರಿಗೆ ಅಳಲು ಜಾಗ ಎಲ್ಲಿ? ಮೋಹನ ರಾಗ ಹಿಡಿದೆ. ಅಜ್ಜಿ ಆ ಊರಿಗೆ ಮದುವೆಯಾಗಿ ಬಂದವಳು. ಆ ಸಂತೋಷ ಐದು ಸ್ವರಗಳಲ್ಲಿ ಇರಲಿ ಅಂತ. ‘ಹೋಯಿತು’ವಿನ ‘ಹೋ’ ತಾರಷಡ್ಜಕ್ಕೆ, ಅಂದರೆ ಮೇಲಿನ ‘ಸ’ಕ್ಕೆ ಹೋಗುತ್ತದೆ. ಅಲ್ಲಿ ಬಾಯಿ ತೆರೆದು ನಿಲ್ಲಬಹುದು. ಎತ್ತರದ ಸ್ವರಕ್ಕೆ ನಾನು ಒತ್ತಕ್ಷರ ಕೊಡುವುದಿಲ್ಲ, ಇಕಾರವನ್ನೂ ಆದಷ್ಟು ತಪ್ಪಿಸುತ್ತೇನೆ. ಮೈಕಿಲ್ಲದೆ ಹಿಂದಿನ ಸಾಲಿಗೂ ಮಾತು ಮುಟ್ಟಬೇಕು, ಅಲ್ವಾ?

ಒಟ್ಟಿಗೆ ಹಾಡುವ ಮೇಳದ ತೊಂದರೆ ಬೇರೆ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಗಂಡಸರಿಗೆ ಒಂದೂವರೆ ಮನೆ ಶ್ರುತಿ, ಹೆಂಗಸರಿಗೆ ಐದೂವರೆ. ಅಜ್ಜಿಯ ಶ್ರುತಿ ಬದಲಿಸಲಿಲ್ಲ. ಮೇಳಕ್ಕೆ ಮಾತ್ರ ಮಂದ್ರ ಪಂಚಮದಿಂದ (ಕೆಳಗಿನ ‘ಪ’) ಗಾಂಧಾರದವರೆಗೆ (‘ಗ’) ಸ್ವರ ಕೊಟ್ಟೆ. ಯಾರೂ ಕಿರುಚಬೇಕಾಗಲಿಲ್ಲ.

ಕಂಪನಿ ನಾಟಕದಲ್ಲಿ ಹಾಡಿಗೆ ಒನ್ಸ್ ಮೋರ್ ಬಿದ್ದರೆ ಕತೆ ನಿಂತು ಕಾಯುತ್ತಿತ್ತು. ಆ ಸಂಗೀತದ ಮೇಲೆ ನನಗೆ ತುಂಬಾ ಪ್ರೀತಿ. ಆದರೆ ನಾನು ದಾರಿ ಕಲಿತಿದ್ದು ರಂಗನಿರ್ದೇಶಕ ಬಿ.ವಿ. ಕಾರಂತರಿಂದ. ಹುಡುಗನಾಗಿದ್ದಾಗಲೇ ಗುಬ್ಬಿ ಕಂಪನಿ ಸೇರಿದ್ದ ಅವರು, ಮುಂದೆ ಶ್ರೀರಂಗರ ‘ಸತ್ತವರ ನೆರಳು’ ಆಡಿಸಿದಾಗ ದಾಸರ ಪದಗಳೇ ಕತೆಯನ್ನು ಮುಂದೆ ಒಯ್ಯುವಂತೆ ಮಾಡಿದರು. ಹಾಡೂ ನಾಟಕದ ಕೆಲಸವನ್ನೇ ಮಾಡಬೇಕು.

ಹಾಡು ಆಧಾರ ಸ್ವರವಾದ ಷಡ್ಜಕ್ಕೆ ಬಂದು ನಿಂತರೆ ಮುಗಿದಂತಾಗಿ ಚಪ್ಪಾಳೆ ಬೀಳುತ್ತದೆ. ಅದಕ್ಕೇ ಕೊನೆಯ ಸಾಲನ್ನು ಮುಗಿಸದೆ ರಿಷಭದಲ್ಲಿ, ಅಂದರೆ ‘ರಿ’ಯಲ್ಲಿ ಬಿಟ್ಟೆ. ಮೊಮ್ಮಗ ‘ಅಜ್ಜಿ, ಬೀಗ ಹಾಕಬೇಕಾ?’ ಅಂತ ಅಲ್ಲಿಂದಲೇ ಮಾತು ಎತ್ತಿಕೊಳ್ಳುತ್ತಾನೆ.