ಅಪ್ಪನ ಬರಹ ಇ-ಬುಕ್ ಮಾಡೋಕೆ ಹೋಗಿ ನಾನು ಕಲ್ತಿದ್ದು

ನಮ್ಮಪ್ಪ ರಿಟೈರ್ಡ್ ಮೇಷ್ಟ್ರು. ಸಕಲೇಶಪುರ ಕಡೆಯ ತೋಟ, ಮಳೆ, ಆನೆ ಕಾಟ ಅಂತ 17 ಅಧ್ಯಾಯ ಬರ್ದು, ಸುಮಾರು ವರ್ಷದ ಹಿಂದೆ ಹಾಸನದ ಒಂದು ಡಿಟಿಪಿ ಅಂಗಡೀಲಿ ಟೈಪ್ ಮಾಡ್ಸಿದ್ರು. ಅದನ್ನ ಫೋನಲ್ಲಿ ಓದೋ ಹಂಗೆ ಮಾಡ್ಕೊಡೋ ಅಣ್ಣ ಅಂತ ತಂಗಿ ಗಂಟುಬಿದ್ಲು.

ದುಡ್ಡು ಕೊಟ್ಟು ಸಾಫ್ಟ್‌ವೇರ್ ತಗೊಳ್ಳೋ ಮಾತೇ ಇರ್ಲಿಲ್ಲ, ಹಂಗಾಗಿ ಮೊದ್ಲು ಹಾಕ್ಕೊಂಡಿದ್ದು ಕ್ಯಾಲಿಬರ್, ಇ-ಬುಕ್ ಮಾಡೋಕೂ ಜೋಡಿಸಿಡೋಕೂ ಇರೋ ಫ್ರೀ ಸಾಫ್ಟ್‌ವೇರ್. ಕೋವಿದ್ ಗೋಯಲ್ ಅನ್ನೋರು 2006ರಲ್ಲಿ ಶುರು ಮಾಡಿದ್ದು, ವಿಂಡೋಸು ಮ್ಯಾಕು ಲಿನಕ್ಸು ಮೂರರಲ್ಲೂ ಓಡುತ್ತೆ. ವರ್ಡ್ ಫೈಲ್ ಹಾಕಿ ಇಪಬ್ ಅನ್ನೋ ಇ-ಬುಕ್ ಫೈಲ್‌ಗೆ ಕನ್ವರ್ಟ್ ಒತ್ತಿದ್ರೆ ಬಂದಿದ್ದು ಕನ್ನಡನೇ ಅಲ್ಲ, ಇಂಗ್ಲಿಷ್ ಅಕ್ಷರಕ್ಕೆ ಕೊಂಬು ಬಾಲ ಹಚ್ಚಿದಂಗೆ ಏನೋ ಒಂದು. ಎರಡು ದಿನ ಕ್ಯಾಲಿಬರ್‌ನ ಬೈಕೊಂಡು ಓಡಾಡಿದೆ. ಆಮೇಲೆ ನೋಡಿದ್ರೆ ಟೈಪ್ ಮಾಡಿರೋದೇ ಹಳೇ ನುಡಿ ಫಾಂಟಲ್ಲಿ, ಕನ್ನಡ ಅಕ್ಷರಕ್ಕೆ ಅದರದೇ ಕೋಡ್ ಇರೋ ಯೂನಿಕೋಡ್ ಅಲ್ಲ. ಫಾಂಟ್ ತೆಗೆದುಹಾಕಿದ್ರೆ ಒಳಗಿರೋದು ಅದೇ ಕೊಂಬು ಬಾಲ, ಪಾಪ ಕ್ಯಾಲಿಬರ್ ಏನ್ ಮಾಡುತ್ತೆ.

ಆಸ್ಕಿಯಿಂದ, ಅಂದ್ರೆ ಆ ಹಳೇ ನುಡಿ ಟೈಪಿಂದ, ಯೂನಿಕೋಡ್‌ಗೆ ಕನ್ವರ್ಟ್ ಮಾಡಿದ್ಮೇಲೂ ಕೆಲಸ ಇತ್ತು. ಅಪ್ಪ ಅಲ್ಲಲ್ಲಿ ರೋಬಸ್ಟಾ, ಅರೇಬಿಕಾ ಅಂತ ಇಂಗ್ಲಿಷಲ್ಲಿ ಬರ್ಸಿದ್ರು, ಕನ್ವರ್ಟರ್ ಅದನ್ನೂ ನುಡಿ ಅಕ್ಷರ ಅನ್ಕೊಂಡು ತಲೆಬುಡ ಇಲ್ಲದ ಕನ್ನಡ ಮಾಡಿಟ್ಟಿತ್ತು. ಅರ್ಕಾವೊತ್ತೂ ಕೆಲವು ಕಡೆ ಎಲ್ಲೆಲ್ಲೋ ಹೋಗಿ ಕೂತಿತ್ತು.

ಇಲ್ಲಿ ನನ್ನ ಕೈಹಿಡಿದಿದ್ದು ಸಿಜಿಲ್, ಇಪಬ್ ತಿದ್ದೋ ಫ್ರೀ ಸಾಫ್ಟ್‌ವೇರ್. ಇಪಬ್ ಅಂದ್ರೆ ಒಳಗೆ ಒಂದು ಜಿಪ್ ಫೈಲ್ ಅಷ್ಟೇ, ವೆಬ್ ಪೇಜ್ ಥರದ ಪುಟಗಳನ್ನ ಕಟ್ಟಿಟ್ಟಿರ್ತಾರೆ, ಸಿಜಿಲ್ ಅದನ್ನ ಬಿಚ್ಚಿ ಮುಂದಿಡುತ್ತೆ, 17 ಅಧ್ಯಾಯದಲ್ಲೂ ಒಂದೇ ಸಲ ಹುಡುಕಿ ಬದಲಾಯಿಸಬಹುದು. ಕ್ಯಾಲಿಬರ್ ಎಡಿಟರಲ್ಲೂ ಇದು ಆಗುತ್ತೆ, ಸುಳ್ಳು ಹೇಳಲ್ಲ, ಆದ್ರೆ ನನಗೆ ಸಿಜಿಲ್ ಕೈಗೆ ಒಗ್ತು. ಈಗಿನ ಸಿಜಿಲಲ್ಲಿ ತಿದ್ದೋಕೆ ಸಿಗೋದು ಕೋಡ್ ಮಾತ್ರ, ಅಪ್ಪ ಅದನ್ನ ನೋಡಿ "ಇದೇನೋ ಇದು ಮುಳ್ಳುಬೇಲಿ" ಅಂದ್ರು, ಅವರಿಗೆ ಪೇಜ್‌ಎಡಿಟ್ ಹಾಕ್ಕೊಟ್ಟೆ. ಅದೂ ಫ್ರೀ, ವರ್ಡ್ ಥರಾನೇ ತಿದ್ದಬಹುದು.

ಫಾಂಟು ನೋಟೋ ಸೆರಿಫ್ ಕನ್ನಡ, ಇಪಬ್ ಒಳಗೇ ಸೇರಿಸಿದೆ, ಅಕ್ಷರದ ಜಾಗದಲ್ಲಿ ಬರ್ತಿದ್ದ ಡಬ್ಬಿ ಡಬ್ಬಿ ಹೋಯ್ತು. ಒತ್ತಕ್ಷರ ಕೂಡಿಸೋದು ಮಾತ್ರ ಓದೋ ಆ್ಯಪಿನ ಕೆಲಸ, ಅದಕ್ಕೆ ಬರದಿದ್ರೆ ಎಂಥಾ ಫಾಂಟ್ ಕೊಟ್ರೂ ಅಷ್ಟೇ, ಆ್ಯಪ್ ಬದಲಾಯಿಸಿ.

ಪುಸ್ತಕ ಜೋಡಿಸಿಡೋಕೆ ಈಗ್ಲೂ ಕ್ಯಾಲಿಬರೇ. ಒಂದೇ ಕಿರಿಕಿರಿ, ಹೆಸರಿನ ಕೊನೇ ಪದನ ಸರ್‌ನೇಮ್ ಅನ್ಕೊಂಡು ಮುಂದಕ್ಕೆ ತರುತ್ತೆ, ನಮ್ಮಲ್ಲಿ ಊರಿನ ಹೆಸರು ಮೊದ್ಲು ಬರುತ್ತಲ್ಲ, ಲೇಖಕರ ಲಿಸ್ಟೆಲ್ಲಾ ತಿರುಗಾಮುರುಗ. ಪ್ರಿಫರೆನ್ಸಸಲ್ಲಿ ಟ್ವೀಕ್ಸ್ ಅಂತಿದೆ, ಅಲ್ಲಿ ಆಥರ್ ಸಾರ್ಟ್ ಅನ್ನೋದನ್ನ 'ಕಾಪಿ' ಅಂತ ಮಾಡಿ, ಕ್ಯಾಲಿಬರ್ ಮುಚ್ಚಿ ತೆಗೀರಿ. ಹೊಸದಾಗಿ ಹಾಕೋ ಪುಸ್ತಕಕ್ಕೆ ಹೆಸರು ಇದ್ದಂಗೇ ಇರುತ್ತೆ, ಹಳೇವನ್ನ ಎಲ್ಲಾ ಸೆಲೆಕ್ಟ್ ಮಾಡ್ಕೊಂಡು ಇನ್ನೊಂದ್ಸಲ ಸರಿ ಮಾಡ್ಬೇಕು.